ಸ್ಮಿರ್ನೋವ್‌ರನ್ನು ಒಂದು ಚಿನ್ನದಿಂದ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಚಳಿಗಾಲದ ಒಲಿಂಪಿಕ್ಸ್‌ನ ಹಿಂದಿನ ತಲೆಮಾರಿನ ಕ್ರೀಡಾಪಟುಗಳ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಲೇಖನದಲ್ಲಿ ವ್ಲಾದಿಮಿರ್ ಸ್ಮಿರ್ನೋವ್ ಅವರಿಗೆ ಸಿಕ್ಕಿದ್ದು ಮೂರೇ ಸಾಲು. ಅಷ್ಟರಲ್ಲೇ ಅವರನ್ನು ‘ರಷ್ಯಾದ ಸ್ಕೀ ಪಟು’ ಎಂದು ಕರೆಯಲಾಗಿದೆ. ನಾರ್ವೆಯ ಬ್ಯೋರ್ನ್ ಡೇಲಿಯ ನೆರಳಿನಲ್ಲೇ ಉಳಿದು, ಇಡೀ ವೃತ್ತಿಜೀವನದಲ್ಲಿ ಒಂದೇ ಒಂದು ಒಲಿಂಪಿಕ್ ಚಿನ್ನ ಗೆದ್ದವರು ಎಂದು ಮಾತು ಮುಗಿಸಲಾಗಿದೆ. ಮೊದಲನೆಯದು ತಪ್ಪು. ಎರಡನೆಯದು ಲೆಕ್ಕದಲ್ಲಿ ಸರಿ, ಆದರೆ ಅದರಿಂದ ಓದುಗರ ಮನಸ್ಸಿನಲ್ಲಿ ಮೂಡುವ ಚಿತ್ರ ಪೂರ್ತಿ ತಪ್ಪು. ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಕಿಲೋಮೀಟರುಗಟ್ಟಲೆ ಸಾಗುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ನಮ್ಮ ಪತ್ರಿಕೆಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಬರುವ ವಿಷಯ. ಆ ಒಂದು ಸಲವಾದರೂ ಸರಿಯಾಗಿ ಬರಲಿ ಎಂಬ ಕಾಳಜಿಯಿಂದ ಈ ದೀರ್ಘ ಪತ್ರ.

ಸ್ಮಿರ್ನೋವ್ ಹುಟ್ಟಿದ್ದು 1964ರ ಮಾರ್ಚ್ 7ರಂದು, ಉತ್ತರ ಕಝಾಕಸ್ತಾನದ ಶುಚಿನ್ಸ್ಕ್ ಪಟ್ಟಣದಲ್ಲಿ. ಪೈನ್ ಕಾಡು, ಸರೋವರ, ಬಂಡೆಗುಡ್ಡಗಳ ಬುರಾಬಾಯ್ ಪ್ರದೇಶ ಅದಕ್ಕೆ ಹತ್ತಿರದಲ್ಲೇ ಇದೆ. ಅಲ್ಲಿ ಚಳಿಗಾಲ ಉದ್ದ, ಹಿಮ ಒಣ, ಉಷ್ಣಾಂಶ ಸೊನ್ನೆಗಿಂತ 15–20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಆಗ ಅದು ಸೋವಿಯತ್ ಒಕ್ಕೂಟದ ಭಾಗವಾಗಿದ್ದುದರಿಂದ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಅವರು ಸೋವಿಯತ್ ತಂಡದಲ್ಲಿ ಹೋದರು. 30 ಕಿ.ಮೀ. ಕ್ಲಾಸಿಕಲ್‌ನಲ್ಲಿ (ಸ್ಕೀಗಳನ್ನು ಸಮಾನಾಂತರವಾಗಿ ಇಟ್ಟು ಸಾಗುವ ಹಳೆಯ ಶೈಲಿ) ಬೆಳ್ಳಿ, 15 ಕಿ.ಮೀ. ಕ್ಲಾಸಿಕಲ್‌ನಲ್ಲಿ ಕಂಚು, 4x10 ಕಿ.ಮೀ. ರಿಲೇಯಲ್ಲಿ ಬೆಳ್ಳಿ ಪಡೆದರು. 1991ರ ಡಿಸೆಂಬರ್‌ನಲ್ಲಿ ಕಝಾಕಸ್ತಾನ ಸ್ವತಂತ್ರವಾಯಿತು. ಆದರೆ ಎರಡೇ ತಿಂಗಳಲ್ಲಿ ಆಲ್ಬರ್ಟ್‌ವಿಲ್ ಕೂಟವಿತ್ತು. ಹಳೆಯ ಗಣರಾಜ್ಯಗಳ ಕ್ರೀಡಾಪಟುಗಳು ‘ಏಕೀಕೃತ ತಂಡ’ವಾಗಿ ಒಲಿಂಪಿಕ್ ಧ್ವಜದಡಿ ಇಳಿದರು. ಅಲ್ಲಿ ಸ್ಮಿರ್ನೋವ್‌ಗೆ ಪದಕ ಬರಲಿಲ್ಲ. 1994ರ ಲಿಲ್ಲೆಹ್ಯಾಮರ್ ಕೂಟಕ್ಕೆ ಕಝಾಕಸ್ತಾನ ಮೊದಲ ಬಾರಿಗೆ ಸ್ವಂತ ಧ್ವಜದಡಿ ಬಂತು. ಅಲ್ಲಿ ಆ ದೇಶ ಗೆದ್ದದ್ದು ಮೂರು ಪದಕ, ಮೂರನ್ನೂ ಗೆದ್ದದ್ದು ಸ್ಮಿರ್ನೋವ್. 10 ಕಿ.ಮೀ. ಕ್ಲಾಸಿಕಲ್‌ನಲ್ಲಿ ಬೆಳ್ಳಿ, 15 ಕಿ.ಮೀ. ಪರ್ಸೂಟ್‌ನಲ್ಲಿ (ಎರಡು ದಿನ, ಎರಡು ಶೈಲಿಗಳಲ್ಲಿ ನಡೆಯುತ್ತಿದ್ದ ಸ್ಪರ್ಧೆ) ಬೆಳ್ಳಿ, 50 ಕಿ.ಮೀ. ಕ್ಲಾಸಿಕಲ್‌ನಲ್ಲಿ ಚಿನ್ನ. 1998ರ ನಾಗಾನೊದಲ್ಲಿ ಪರ್ಸೂಟ್‌ನ ಕಂಚು ಸೇರಿ ಒಟ್ಟು ಏಳು. ಕೆಲವು ಪಟ್ಟಿಗಳಲ್ಲಿ ಅವರ ಹೆಸರಿನೆದುರು ನಾಲ್ಕೇ ಪದಕ ಕಾಣುವುದು ಇದೇ ಕಾರಣಕ್ಕೆ: 1988ರ ಮೂರು ಪದಕಗಳು ಸೋವಿಯತ್ ಖಾತೆಯಲ್ಲಿವೆ. ಯಾವ ಪಟ್ಟಿ ನೋಡಿದರೂ ಅವರು ರಷ್ಯಾ ಪರವಾಗಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ದಾಖಲೆ ಇಲ್ಲ. ವೃತ್ತಿಜೀವನದ ಕೊನೆಯ ವರ್ಷಗಳಲ್ಲಿ ಸ್ವೀಡನ್‌ನ ಸುಂಡ್ಸ್‌ವಾಲ್‌ನಲ್ಲಿ ನೆಲೆಸಿ ಅಭ್ಯಾಸ ಮಾಡಿದರೂ ಎದೆಯ ಮೇಲೆ ಇದ್ದದ್ದು ಕಝಾಕಸ್ತಾನದ ಹೆಸರು.

ಇನ್ನು ‘ಡೇಲಿಯ ನೆರಳು’. ಡೇಲಿಗೆ ಎಂಟು ಒಲಿಂಪಿಕ್ ಚಿನ್ನ, ಸ್ಮಿರ್ನೋವ್‌ಗೆ ಒಂದು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಆ ಎಂಟರಲ್ಲಿ ಎರಡು ರಿಲೇಯವು ಎಂಬುದನ್ನು ಯಾರೂ ಬರೆಯುವುದಿಲ್ಲ. ರಿಲೇ ಗೆಲ್ಲಲು ಒಂದೇ ದೇಶದ ನಾಲ್ವರು ಬೇಕು, ನಾಲ್ವರೂ ಜಗತ್ತಿನ ಮೊದಲ ಸಾಲಿನವರಾಗಿರಬೇಕು. ನಾರ್ವೆಗೆ ಅಂಥ ಹತ್ತು ಜನರಿದ್ದರು. 1992ರ ನಂತರದ ಕಝಾಕಸ್ತಾನಕ್ಕೆ ಸ್ಮಿರ್ನೋವ್ ಒಬ್ಬರೇ. ಅವರಿಗೆ ರಿಲೇ ಪದಕ ಬಂದದ್ದು ಸೋವಿಯತ್ ತಂಡದಲ್ಲಿದ್ದಾಗ ಎಂಬುದು ಕಾಕತಾಳೀಯವಲ್ಲ.

ವಿಶ್ವಕಪ್ ಪಟ್ಟಿಯನ್ನು ತೆಗೆದು ನೋಡಿ. ವಿಶ್ವಕಪ್ ಎಂದರೆ ಒಂದು ವಾರದ ಕೂಟವಲ್ಲ. ಚಳಿಗಾಲವಿಡೀ ಬೇರೆ ಬೇರೆ ದೇಶಗಳ ಬೇರೆ ಬೇರೆ ಹಿಮದ ಮೇಲೆ ನಡೆಯುವ ಸ್ಪರ್ಧೆಗಳ ಅಂಕಗಳ ಮೊತ್ತ. ಒಂದು ದಿನದ ಅದೃಷ್ಟ ಅಲ್ಲಿ ನಡೆಯುವುದಿಲ್ಲ. 1990–91ರ ಋತುವಿನ ಸಮಗ್ರ ಪ್ರಶಸ್ತಿ ಸ್ಮಿರ್ನೋವ್ ಅವರದು. 1991–92ರಿಂದ 1996–97ರವರೆಗಿನ ಆರು ಋತುಗಳಲ್ಲಿ ಡೇಲಿ ಐದು ಗೆದ್ದರು; ನಡುವೆ ಕೈತಪ್ಪಿದ್ದು 1993–94 ಒಂದೇ. ಅದನ್ನು ಗೆದ್ದವರು ಸ್ಮಿರ್ನೋವ್. ಡೇಲಿಯ ಉಚ್ಛ್ರಾಯದ ಆ ಆರು ವರ್ಷಗಳಲ್ಲಿ ಈ ಕೆಲಸ ಮಾಡಿದ್ದು ಅವರೊಬ್ಬರೇ.

ಜೊತೆಗೆ ವಿಶ್ವ ಚಾಂಪಿಯನ್‌ಷಿಪ್. 1989ರ ಲಾಹ್ತಿಯಲ್ಲಿ 30 ಕಿ.ಮೀ. ಕ್ಲಾಸಿಕಲ್‌ನ ಚಿನ್ನ. 1995ರಲ್ಲಿ ಕೆನಡಾದ ಥಂಡರ್ ಬೇಯಲ್ಲಿ 10 ಕಿ.ಮೀ., 30 ಕಿ.ಮೀ., ಪರ್ಸೂಟ್ ಮೂರರಲ್ಲೂ ಚಿನ್ನ, 50 ಕಿ.ಮೀ. ಫ್ರೀಸ್ಟೈಲ್‌ನಲ್ಲಿ ಕಂಚು. ಆಗ ಅವರಿಗೆ 31 ವರ್ಷ. ನಮ್ಮ ಅಭಿಪ್ರಾಯದಲ್ಲಿ ಅವರ ವೃತ್ತಿಜೀವನದ ತುತ್ತತುದಿ ಲಿಲ್ಲೆಹ್ಯಾಮರ್ ಅಲ್ಲ, ಥಂಡರ್ ಬೇ. ಒಂದೇ ಚಾಂಪಿಯನ್‌ಷಿಪ್‌ನಲ್ಲಿ 10ರಿಂದ 50 ಕಿ.ಮೀ. ತನಕ, ಎರಡೂ ಶೈಲಿಗಳಲ್ಲಿ, ಇಳಿದ ನಾಲ್ಕೂ ವೈಯಕ್ತಿಕ ಸ್ಪರ್ಧೆಗಳಲ್ಲಿ ಪದಕ ಬರುವುದು ತೀರಾ ಅಪರೂಪ. ಒಲಿಂಪಿಕ್ಸ್ ಅಲ್ಲದ ಕಾರಣ ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

‘ಎರಡೂ ಶೈಲಿ’ ಎಂದರೇನು ಎಂಬುದನ್ನು ಬಿಡಿಸಿ ಹೇಳದಿದ್ದರೆ ಈ ಪದಕಗಳ ತೂಕ ತಿಳಿಯುವುದಿಲ್ಲ. 1980ರ ದಶಕದ ನಡುವಿನವರೆಗೆ ಎಲ್ಲರೂ ಸ್ಕೀಗಳನ್ನು ಸಮಾನಾಂತರವಾಗಿ ಇಟ್ಟು, ಯಂತ್ರ ಕೊರೆದ ಎರಡು ಜಾಡುಗಳಲ್ಲಿ ಒಂದು ಕಾಲಿನಿಂದ ಒದ್ದು ಇನ್ನೊಂದರ ಮೇಲೆ ಜಾರುತ್ತಿದ್ದರು. ಆಮೇಲೆ ಸ್ಕೇಟಿಂಗ್‌ನಂತೆ ಕಾಲನ್ನು ಓರೆಯಾಗಿ ಹೊರಗೆ ತಳ್ಳುವ ಕ್ರಮ ಬಂತು. ಅದು ಎಷ್ಟು ವೇಗವಾಗಿತ್ತೆಂದರೆ ಹಳೆಯ ಕ್ರಮ ಅಳಿದೇ ಹೋಗುವ ಸ್ಥಿತಿ ಬಂತು. ಅದಕ್ಕಾಗಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಸ್ಪರ್ಧೆಗಳನ್ನು ಕ್ಲಾಸಿಕಲ್ ಮತ್ತು ಫ್ರೀಸ್ಟೈಲ್ ಎಂದು ಬೇರ್ಪಡಿಸಿತು. ಒಲಿಂಪಿಕ್ಸ್‌ನಲ್ಲಿ ಈ ವಿಭಜನೆ ಮೊದಲು ಬಂದದ್ದೇ 1988ರ ಕ್ಯಾಲ್ಗರಿಯಲ್ಲಿ. ಸ್ಮಿರ್ನೋವ್ ಅಲ್ಲಿಂದಲೇ ಶುರು ಮಾಡಿದವರು. ಅವರ ಅಸಲಿ ಬಲ ಕ್ಲಾಸಿಕಲ್. ಆದರೂ ಎರಡನೇ ದಿನ ಫ್ರೀಸ್ಟೈಲ್ ಇರುವ ಪರ್ಸೂಟ್‌ನಲ್ಲಿ ಒಲಿಂಪಿಕ್ ಬೆಳ್ಳಿ, ಕಂಚು ಮತ್ತು ವಿಶ್ವ ಚಿನ್ನ ಗೆದ್ದರು.

ಕ್ಲಾಸಿಕಲ್‌ನ ಕಷ್ಟ ಟಿ.ವಿ.ಯಲ್ಲಿ ಕಾಣುವುದಿಲ್ಲ, ಅದು ಸ್ಕೀಯ ಅಡಿಯಲ್ಲಿದೆ. ಸ್ಕೀ ಬಿಲ್ಲಿನಂತೆ ನಡುವೆ ಮೇಲಕ್ಕೆ ಬಾಗಿರುತ್ತದೆ. ಎರಡೂ ಕಾಲಿನ ಮೇಲೆ ಸಮ ಭಾರ ಬಿಟ್ಟು ಜಾರುವಾಗ ಪಾದದ ಕೆಳಗಿನ ಭಾಗ ಹಿಮಕ್ಕೆ ಒತ್ತಬಾರದು. ಇಡೀ ಭಾರವನ್ನು ಒಂದು ಕಾಲಿಗೆ ಹಾಕಿ ಒದೆಯುವ ಕ್ಷಣದಲ್ಲಿ ಮಾತ್ರ ಅದು ಚಪ್ಪಟೆಯಾಗಿ ಹಿಮವನ್ನು ಕಚ್ಚಬೇಕು. ಆ ಒದೆತದ ಹೊತ್ತಿಗೆ ಸ್ಕೀ ಒಂದು ಗಳಿಗೆ ಪೂರ್ತಿ ನಿಂತಿರುತ್ತದೆ. ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗ, ಅಷ್ಟೇ. ಪಾದ ಇನ್ನೊಂದು ಪಾದವನ್ನು ದಾಟಿ ಹಿಂದೆ ಹೋದ ಮೇಲೆ ಒದ್ದರೆ ತಡವಾಯಿತು. ಭಾರ ಆಗಲೇ ಮುಂದಕ್ಕೆ ಹೋಗಿರುತ್ತದೆ, ಸ್ಕೀ ಹಿಂದಕ್ಕೆ ಜಾರುತ್ತದೆ. ಸ್ಕೀಯ ಗಡಸುತನ ಸ್ಪರ್ಧಿಯ ತೂಕಕ್ಕೆ ಹೊಂದಬೇಕಾದದ್ದು ಇದಕ್ಕೇ. ಪರೀಕ್ಷೆ ಸರಳ: ಸಮತಟ್ಟಾದ ಗಟ್ಟಿ ನೆಲದಲ್ಲಿ ಎರಡೂ ಸ್ಕೀ ಮೇಲೆ ಸಮವಾಗಿ ನಿಂತಾಗ ಪಾದದಡಿ ಒಂದು ಹಾಳೆ ಮುಂದೆ ಹಿಂದೆ ಸಲೀಸಾಗಿ ಸರಿದಾಡಬೇಕು, ಪೂರ್ತಿ ಭಾರ ಒಂದೇ ಸ್ಕೀಗೆ ಬಿಟ್ಟಾಗ ಅದೇ ಹಾಳೆ ಎಳೆದರೂ ಬರಬಾರದು. ಮೊದಲನೆಯದರಲ್ಲೇ ಹಾಳೆ ಸಿಕ್ಕಿಕೊಂಡರೆ ಸ್ಕೀ ಮೆದು, ಇಳಿಜಾರಿನಲ್ಲಿ ಹಿಡಿದಿಡುತ್ತದೆ. ಎರಡನೆಯದರಲ್ಲೂ ಸರಿದಾಡಿದರೆ ಸ್ಕೀ ಅತಿ ಗಡಸು, ಏರಿನಲ್ಲಿ ಒದೆತ ಸಿಗುವುದಿಲ್ಲ, ಕೈಗಳೇ ಎಲ್ಲ ಕೆಲಸ ಮಾಡಿ ಮೂವತ್ತನೇ ಕಿಲೋಮೀಟರಿಗೆ ಸೋತುಹೋಗುತ್ತವೆ.

ಆಮೇಲೆ ವ್ಯಾಕ್ಸ್, ಅಂದರೆ ಸ್ಕೀಯ ತಳಕ್ಕೆ ಹಚ್ಚುವ ಮೇಣ. ಕ್ಲಾಸಿಕಲ್ ಸ್ಕೀಗೆ ಎರಡು ಬಗೆಯ ವ್ಯಾಕ್ಸ್ ಬೇಕು. ಮುಂದಿನ ಮತ್ತು ಹಿಂದಿನ ಭಾಗಕ್ಕೆ ಜಾರುವ ವ್ಯಾಕ್ಸ್: ಪ್ಯಾರಾಫಿನ್ನನ್ನು ಇಸ್ತ್ರಿಯಿಂದ ಕರಗಿಸಿ ತಳದೊಳಕ್ಕೆ ಇಳಿಸಿ, ತಣ್ಣಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಬ್ರಷ್ ಹಾಕಿ ತೆಗೆಯಬೇಕು. ಮೇಲೆ ಉಳಿದ ವ್ಯಾಕ್ಸ್ ವೇಗ ಕೊಡುವುದಿಲ್ಲ, ಒಳಗೆ ಹೀರಿದ್ದು ಕೊಡುತ್ತದೆ. ಹೆರೆಯುವುದರಲ್ಲಿ ಸೋಮಾರಿತನ ಮಾಡಿದರೆ ತಣ್ಣನೆಯ ಹಿಮದ ಚೂಪು ಹರಳುಗಳು ಉಳಿದ ಪದರಕ್ಕೆ ಚುಚ್ಚಿಕೊಂಡು ಎಳೆಯುತ್ತವೆ. ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸಿದರೆ ಪಾಲಿಎಥಿಲೀನ್ ತಳ ಸುಟ್ಟು ಮುಚ್ಚಿಹೋಗುತ್ತದೆ, ಮತ್ತೆ ವ್ಯಾಕ್ಸ್ ಹೀರುವುದಿಲ್ಲ.

ಪಾದದ ಕೆಳಗಿನ ಭಾಗಕ್ಕೆ, ಅಂದರೆ ಹಿಮ್ಮಡಿಯಿಂದ ಮುಂದಕ್ಕೆ ಸುಮಾರು 50–60 ಸೆಂ.ಮೀ. ಉದ್ದಕ್ಕೆ, ಹಿಡಿತದ ವ್ಯಾಕ್ಸ್. ಡಬ್ಬಿಗಳು ಬಣ್ಣದ ಮೇಲೆ ಗೊತ್ತಾಗುತ್ತವೆ: ಕೊರೆಯುವ ಚಳಿಗೆ ಹಸಿರು, ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ ನೀಲಿ, ಸೊನ್ನೆಯ ಆಸುಪಾಸಿಗೆ ನೇರಳೆ, ಅದಕ್ಕೂ ಮೇಲಕ್ಕೆ ಕೆಂಪು. ಕರಗಿ ಮತ್ತೆ ಹೆಪ್ಪುಗಟ್ಟಿದ ಹರಳುಹಿಮಕ್ಕೆ ಟ್ಯೂಬಿನಲ್ಲಿ ಬರುವ ಜಿಗುಟು ಕ್ಲಿಸ್ಟರ್ ಬೇಕು. ದಪ್ಪಗೆ ಒಂದೇ ಸಲ ಬಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತೆಳುವಾಗಿ ಒಂದು ಪದರ ಹಚ್ಚಿ, ಕಾರ್ಕ್ ತುಂಡಿನಿಂದ ಉಜ್ಜಿ ನಯ ಮಾಡಿ, ಮೇಲೆ ಇನ್ನೊಂದು, ಹೀಗೆ ಐದಾರು. 50 ಕಿ.ಮೀ. ಸ್ಪರ್ಧೆಯಾದರೆ ಎಲ್ಲಕ್ಕೂ ಕೆಳಗೆ ಬೈಂಡರ್ ಎಂಬ ಗಟ್ಟಿ ತಳಪದರವನ್ನು ಇಸ್ತ್ರಿಯಿಂದ ಕೂರಿಸಲೇಬೇಕು. ಇಲ್ಲದಿದ್ದರೆ ಗರಗಸದಂಥ ಒಣ ಹಿಮ ಅರ್ಧ ದಾರಿಯಲ್ಲೇ ವ್ಯಾಕ್ಸನ್ನು ಸವೆಸಿಬಿಡುತ್ತದೆ, ಕೊನೆಯ ಏರುಗಳಲ್ಲಿ ಸ್ಕೀ ಬರಿದಾಗಿ ಜಾರುತ್ತದೆ. ವ್ಯಾಕ್ಸ್ ಆ ದಿನದ ಹಿಮಕ್ಕಿಂತ ಮೆದುವಾದರೆ ತದ್ವಿರುದ್ಧ ತೊಂದರೆ: ಹರಳುಗಳು ಒಳಗೆ ಹುದುಗಿ ಬಿಡದೆ ಹಿಮ ಗಂಟು ಕಟ್ಟುತ್ತದೆ. ಹಿಡಿತ ಚೆನ್ನಾಗಿದ್ದರೆ ಜಾರಿಕೆ ಕಮ್ಮಿ, ಜಾರಿಕೆ ಚೆನ್ನಾಗಿದ್ದರೆ ಹಿಡಿತ ಕಮ್ಮಿ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನ ಸ್ಪರ್ಧೆಗೆ ಸ್ವಲ್ಪ ಮುಂಚೆ, ಅಲ್ಲೇ ಹಿಮದ ಮೇಲೆ ಜಾರಿ ನೋಡಿ ತೆಗೆದುಕೊಳ್ಳುವಂಥದ್ದು. ಕಾಲಿನ ತಂತ್ರ ಪಕ್ಕಾ ಇರುವವರು ಕಮ್ಮಿ ಹಿಡಿತದ, ಹೆಚ್ಚು ಜಾರುವ ಸ್ಕೀಯನ್ನು ಧೈರ್ಯವಾಗಿ ಆರಿಸಿಕೊಳ್ಳಬಲ್ಲರು. ಕ್ಲಾಸಿಕಲ್‌ನಲ್ಲಿ ತಂತ್ರದ ಲಾಭ ಎರಡು ಪಟ್ಟಾಗುವುದು ಹೀಗೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು 1994ರ ಫೆಬ್ರುವರಿ 27ಕ್ಕೆ ಬನ್ನಿ. ಲಿಲ್ಲೆಹ್ಯಾಮರ್ ಕೂಟದ ಕೊನೆಯ ದಿನ, ಬಿರ್ಕೆಬೈನರೆನ್ ಕ್ರೀಡಾಂಗಣ, 50 ಕಿ.ಮೀ. ಕ್ಲಾಸಿಕಲ್. ಸ್ಮಿರ್ನೋವ್‌ಗೆ ಮೂವತ್ತು ತುಂಬಲು ಎಂಟು ದಿನ ಬಾಕಿ. ಆಗ ಎಲ್ಲರೂ ಒಟ್ಟಿಗೆ ಹೊರಡುತ್ತಿರಲಿಲ್ಲ. ಅರ್ಧ ನಿಮಿಷಕ್ಕೊಬ್ಬರಂತೆ ಹೊರಟು ಗಡಿಯಾರದ ವಿರುದ್ಧ ಓಟ. ಯಾರ ಬೆನ್ನಿನ ಹಿಂದೆಯೂ ಗಾಳಿ ತಪ್ಪಿಸಿಕೊಂಡು ಕೂರುವಂತಿಲ್ಲ, ಕೊನೆಯ ನೂರು ಮೀಟರಿನ ಜಿಗಿತಕ್ಕೆ ಶಕ್ತಿ ಉಳಿಸಿಕೊಳ್ಳುವ ಲೆಕ್ಕಾಚಾರವೂ ಇಲ್ಲ. ದಾರಿಯುದ್ದಕ್ಕೂ ನಿಂತ ತರಬೇತುದಾರರು ‘ಇಂಥವರಿಗಿಂತ ಇಷ್ಟು ಸೆಕೆಂಡ್ ಮುಂದೆ’ ಎಂದು ಕೂಗುವುದೊಂದೇ ಮಾಹಿತಿ. ಸ್ಮಿರ್ನೋವ್ ಮುಗಿಸಿದ ಸಮಯ 2 ಗಂಟೆ 7 ನಿಮಿಷ 20.3 ಸೆಕೆಂಡ್. ಎರಡನೆಯವರು ಫಿನ್‌ಲೆಂಡಿನ ಮಿಕಾ ಮ್ಯೂಲ್ಯುಲಾ, ಮೂರನೆಯವರು ನಾರ್ವೆಯ ಸ್ಟೂರೆ ಸೀವರ್ಟ್ಸೆನ್. ಡೇಲಿ ನಾಲ್ಕನೆಯವರು.

ಈ ಅಂಕಿಯನ್ನು ಒಂದು ಕ್ಷಣ ಒಡೆದು ನೋಡೋಣ. ಗಂಟೆಗೆ ಸರಾಸರಿ 23.5 ಕಿ.ಮೀ.; ಏರು, ಇಳಿಜಾರು, ಕುಡಿಯಲು ಕೈಚಾಚಿದ ಕ್ಷಣ ಎಲ್ಲ ಸೇರಿ ಪ್ರತಿ ಕಿಲೋಮೀಟರಿಗೆ 2 ನಿಮಿಷ 33 ಸೆಕೆಂಡ್. ಮ್ಯೂಲ್ಯುಲಾ ಹಿಂದುಳಿದದ್ದು ಸುಮಾರು 1 ನಿಮಿಷ 21 ಸೆಕೆಂಡ್, ಅಂದರೆ ಕಿಲೋಮೀಟರಿಗೆ ಸರಿಸುಮಾರು 1.6 ಸೆಕೆಂಡ್. ಅದೇ ಕೂಟದ 10 ಕಿ.ಮೀ. ಕ್ಲಾಸಿಕಲ್‌ನಲ್ಲಿ ಡೇಲಿ ಸ್ಮಿರ್ನೋವ್‌ರನ್ನು ಹಿಂದಿಕ್ಕಿದ್ದು 18 ಸೆಕೆಂಡಿನಿಂದ, ಕಿಲೋಮೀಟರಿಗೆ 1.8 ಸೆಕೆಂಡ್. ಹತ್ತು ಕಿಲೋಮೀಟರಿನಲ್ಲಿ ಆ ಅಂತರವನ್ನು ಡೇಲಿ ಇಟ್ಟರು, ಐವತ್ತರಲ್ಲಿ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಅಂತರವನ್ನು ಸ್ಮಿರ್ನೋವ್ ಉಳಿದೆಲ್ಲರ ಮೇಲೆ ಇಟ್ಟರು, ಅದೂ ಎರಡು ತಾಸು ಬಿಡದೆ. ಡೇಲಿಯ ತವರಿನ ಜನ, ನಾರ್ವೆಯ ಪ್ರೇಕ್ಷಕರೇ, ಆ ದಿನ ಕಝಾಕಸ್ತಾನದವರಿಗೆ ಮನಸಾರೆ ಚಪ್ಪಾಳೆ ತಟ್ಟಿದರು. ಸ್ಕೀ ಬಲ್ಲ ಜನ ಅವರು. ಕಂಡದ್ದು ಏನೆಂದು ಅವರಿಗೆ ಗೊತ್ತಿತ್ತು. ಅದೇ ವರ್ಷ ಸ್ಕೀಯಿಂಗ್‌ನ ದೊಡ್ಡ ಗೌರವವಾದ ಹೋಲ್ಮೆನ್‌ಕೋಲೆನ್ ಪದಕವನ್ನೂ ನಾರ್ವೆ ಅವರಿಗೆ ಕೊಟ್ಟಿತು.

ಐವತ್ತು ಕಿಲೋಮೀಟರಿನಲ್ಲಿ ಸೋಲು ಬರುವುದು ಹೆಚ್ಚಾಗಿ ಹೊಟ್ಟೆಯ ದಾರಿಯಲ್ಲಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೊಜನ್ ಎಂಬ ಇಂಧನ ಸುಮಾರು 400–500 ಗ್ರಾಂ. ಆ ವೇಗದಲ್ಲಿ ಎರಡು ಗಂಟೆಗೆ ಅದು ಸಾಲುವುದು ಕಷ್ಟ. ಆದ್ದರಿಂದ ನಾಲ್ಕೈದು ಕಿಲೋಮೀಟರಿಗೊಮ್ಮೆ 100–150 ಮಿ.ಲೀ. ಉಗುರುಬೆಚ್ಚಗಿನ ಸಿಹಿಪಾನೀಯ, ಒಟ್ಟು ಗಂಟೆಗೆ 60 ಗ್ರಾಂ ಅಥವಾ ಅದಕ್ಕೂ ಹೆಚ್ಚು ಸಕ್ಕರೆಯಂಶ ಒಳಗೆ ಹೋಗುತ್ತಿರಬೇಕು. ಬಾಯಾರಿದಾಗ ಕುಡಿದರಾಯಿತು ಎಂದುಕೊಂಡವರಿಗೆ ಮೂವತ್ತೈದನೇ ಕಿಲೋಮೀಟರಿನ ಹೊತ್ತಿಗೆ ಕಾಲು ಮರಗಟ್ಟುತ್ತದೆ, ಆಮೇಲೆ ಕುಡಿದರೂ ಫಲವಿಲ್ಲ. ಪಾನೀಯ ತೀರಾ ಗಟ್ಟಿಯಾದರೆ ಹೊಟ್ಟೆಯಲ್ಲೇ ನಿಂತು ಹಿಂಡುತ್ತದೆ. ಲೋಟ ಕೊಡುವವರು ಕಡಿದಾದ ಏರಿನ ನಡುವೆ ನಿಲ್ಲಬಾರದು, ಏರು ಮುಗಿದು ಇಳಿಜಾರು ಶುರುವಾಗುವಲ್ಲಿ ನಿಲ್ಲಬೇಕು. ಆಗ ಸ್ಪರ್ಧಿ ಲಯ ಮುರಿಯದೆ ಗುಟುಕರಿಸಿ ಲೋಟ ಎಸೆದು ಮುಂದಕ್ಕೆ ಬಾಗಬಹುದು. ದೊಡ್ಡ ತಂಡಗಳು ದಾರಿಯುದ್ದಕ್ಕೂ ಜನರನ್ನು ನಿಲ್ಲಿಸುತ್ತವೆ. ಒಬ್ಬರೇ ಗೆಲ್ಲಬಲ್ಲವರಿರುವ, ಸ್ವತಂತ್ರವಾಗಿ ಮೂರನೇ ವರ್ಷಕ್ಕೆ ಕಾಲಿಟ್ಟ ದೇಶದ ಪುಟ್ಟ ತಂಡಕ್ಕೆ ಪ್ರತಿಯೊಂದು ಲೋಟ, ಪ್ರತಿಯೊಂದು ಸ್ಕೀ ಪರೀಕ್ಷೆ ಹೊಂದಿಸಬೇಕಾದ ಕೆಲಸ. ಸ್ಕೀ ಪರೀಕ್ಷೆಗೂ ಜನ ಬೇಕು: ಒಂದೇ ಇಳಿಜಾರಿನಿಂದ ಇಬ್ಬರು ಒಂದೇ ಭಂಗಿಯಲ್ಲಿ ಕೂತು ಜಾರಿ, ಆಮೇಲೆ ಸ್ಕೀಗಳನ್ನು ಅದಲು ಬದಲು ಮಾಡಿ ಮತ್ತೆ ಜಾರಿದರೆ ಮಾತ್ರ ವೇಗ ಸ್ಕೀಯದೋ ಮನುಷ್ಯನದೋ ಎಂದು ತಿಳಿಯುವುದು.

ಪರ್ಸೂಟ್ ಬಗ್ಗೆ ಒಂದು ಮಾತು, ಯಾಕೆಂದರೆ ‘ಸದಾ ಎರಡನೆಯವರು’ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ. ಆಗಿನ ಪರ್ಸೂಟ್ ಎರಡು ದಿನದ್ದು. ಮೊದಲು 10 ಕಿ.ಮೀ. ಕ್ಲಾಸಿಕಲ್, ಅದರ ಅಂತರವೇ ಮುಂದಿನ 15 ಕಿ.ಮೀ. ಫ್ರೀಸ್ಟೈಲ್‌ಗೆ ಹೊರಡುವ ಅಂತರ. ಮೊದಲು ಗೆರೆ ದಾಟಿದವರೇ ವಿಜೇತರು. ಲಿಲ್ಲೆಹ್ಯಾಮರ್‌ನಲ್ಲಿ ಸ್ಮಿರ್ನೋವ್ ಡೇಲಿಗಿಂತ 18 ಸೆಕೆಂಡ್ ತಡವಾಗಿ ಹೊರಟು 29 ಸೆಕೆಂಡ್ ಹಿಂದೆ ಮುಗಿಸಿದರು. ಅಲ್ಲಿ ಡೇಲಿಯೇ ಮೇಲು, ಸಂಶಯವಿಲ್ಲ. ಆದರೆ ಅದರ ಹಿಂದಿನ ವರ್ಷ, 1993ರ ಫಾಲುನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಇಬ್ಬರೂ ಭುಜಕ್ಕೆ ಭುಜ ಹಚ್ಚಿ ಗೆರೆ ದಾಟಿದರು. ಗೆದ್ದೆನೆಂದು ಸ್ಮಿರ್ನೋವ್ ಸಂಭ್ರಮಿಸಿಯೂ ಆಗಿತ್ತು. ಫೋಟೊ ನೋಡಿದಾಗ ಚಿನ್ನ ಡೇಲಿಯದಾಯಿತು. ಸ್ಕೀಯಿಂಗ್‌ನಲ್ಲಿ ಲೆಕ್ಕಕ್ಕೆ ಬರುವುದು ಸ್ಕೀಯ ತುದಿಯಲ್ಲ, ಎದೆಯೂ ಅಲ್ಲ, ಬೂಟಿನ ತುದಿ. ಡೇಲಿ ಕೊನೆಯ ಕ್ಷಣದಲ್ಲಿ ಕಾಲನ್ನು ಮುಂದಕ್ಕೆ ಚಾಚಿದ್ದರು. 25 ಕಿಲೋಮೀಟರ್ ಸ್ಪರ್ಧೆ ಪಾದದ ಒಂದು ಚಾಚುವಿಕೆಯಲ್ಲಿ ಇತ್ಯರ್ಥವಾದದ್ದು. 29 ಸೆಕೆಂಡಿನ ಬೆಳ್ಳಿಗೂ ಇಂಥ ಬೆಳ್ಳಿಗೂ ಪದಕಪಟ್ಟಿಯಲ್ಲಿ ಒಂದೇ ಬೆಲೆ.

ಸ್ಮಿರ್ನೋವ್ ಗೆದ್ದ ರೀತಿಯ 50 ಕಿ.ಮೀ. ಮತ್ತು ಪರ್ಸೂಟ್ ಈಗ ಒಲಿಂಪಿಕ್ಸ್‌ನಲ್ಲಿ ಇಲ್ಲ ಎಂಬುದನ್ನೂ ಓದುಗರಿಗೆ ತಿಳಿಸಬೇಕು. 2006ರ ಟುರಿನ್‌ನಿಂದ ಪುರುಷರ 50 ಕಿ.ಮೀ. ಎಲ್ಲರೂ ಒಟ್ಟಿಗೆ ಹೊರಡುವ ಸ್ಪರ್ಧೆ. ಗುಂಪಿನಲ್ಲಿ ಸಾಗಿ ಕೊನೆಯಲ್ಲಿ ನುಗ್ಗುವವರಿಗೆ ಅದು ಒಗ್ಗುತ್ತದೆ. ಎರಡು ದಿನದ ಪರ್ಸೂಟ್ ಹೋಗಿ, ನಡುವೆ ಸ್ಕೀ ಬದಲಾಯಿಸುವ ಸ್ಕಿಯಾಥ್ಲಾನ್ ಬಂದಿದೆ. ಕ್ಲಾಸಿಕಲ್‌ನಲ್ಲೂ ತೋಳುಬಲ ಎಷ್ಟು ಬೆಳೆಯಿತೆಂದರೆ, ಹಿಡಿತದ ವ್ಯಾಕ್ಸೇ ಹಚ್ಚದೆ ಎರಡೂ ಕೋಲು ಒಟ್ಟಿಗೆ ಊರಿ ತಳ್ಳುತ್ತಲೇ ಇಡೀ ಸ್ಪರ್ಧೆ ಮುಗಿಸುವವರು ಬಂದರು. ಅದನ್ನು ತಡೆಯಲು ಕೋಲಿನ ಉದ್ದ ದೇಹದ ಎತ್ತರದ 83% ಮೀರಬಾರದು ಎಂಬ ನಿಯಮ ಬಂತು, 180 ಸೆಂ.ಮೀ. ಎತ್ತರದವರಿಗೆ ಸುಮಾರು 149 ಸೆಂ.ಮೀ. ಕೆಲವು ಏರುಗಳಲ್ಲಿ ಎರಡೂ ಕೋಲಿನ ತಳ್ಳುವಿಕೆಯನ್ನೇ ನಿಷೇಧಿಸಲಾಗಿದೆ. ಫ್ಲೋರಿನ್ ಬೆರೆತ ವ್ಯಾಕ್ಸ್ 2023–24ರ ಋತುವಿನಿಂದ ಪೂರ್ತಿ ನಿಷಿದ್ಧ. ಹೀಗಿರುವಾಗ 1994ರ ಸಮಯವನ್ನು ಇಂದಿನ ಸಮಯದ ಪಕ್ಕ ಇಟ್ಟು ‘ಈಗಿನವರು ಇಷ್ಟು ನಿಮಿಷ ವೇಗ’ ಎಂದು ಬರೆಯುವುದಕ್ಕೆ ಅರ್ಥವಿಲ್ಲ. ದಾರಿ ಬೇರೆ, ಹಿಮ ಬೇರೆ, ಹೊರಡುವ ಕ್ರಮ ಬೇರೆ.

ಲೇಖನದ ಕೊನೆಯಲ್ಲಿ ಸ್ಮಿರ್ನೋವ್‌ರ ‘ಉತ್ತರಾಧಿಕಾರಿ’ ಎಂದು ಅಲೆಕ್ಸಿ ಪೊಲ್ತೊರಾನಿನ್ ಹೆಸರು ಬಂದಿದೆ, ಮುಂದೇನೂ ಇಲ್ಲ. ಹೆಸರು ಎತ್ತಿದ ಮೇಲೆ ಪೂರ್ತಿ ಹೇಳಬೇಕು. ಪೂರ್ವ ಕಝಾಕಸ್ತಾನದ ರಿದ್ದೆರ್‌ನ ಪೊಲ್ತೊರಾನಿನ್ 2013ರ ವಾಲ್ ದಿ ಫಿಯೆಮ್ಮೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 50 ಕಿ.ಮೀ. ಕ್ಲಾಸಿಕಲ್‌ನ ಕಂಚು, ನಿಕೊಲಾಯ್ ಚೆಬೊಟ್ಕೊ ಜೊತೆ ಟೀಮ್ ಸ್ಪ್ರಿಂಟ್‌ನ ಕಂಚು ಗೆದ್ದರು. 2019ರ ಫೆಬ್ರುವರಿ 27ರಂದು ಆಸ್ಟ್ರಿಯಾದ ಸೀಫೆಲ್ಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೊಲೀಸರು ರಕ್ತ ಡೋಪಿಂಗ್ ಜಾಲದ ಮೇಲೆ ದಾಳಿ ಮಾಡಿದಾಗ ಸಿಕ್ಕಿಬಿದ್ದ ಐವರು ಸ್ಕೀ ಪಟುಗಳಲ್ಲಿ ಅವರೂ ಒಬ್ಬರು. ತಪ್ಪೊಪ್ಪಿಕೊಂಡರು, ನಾಲ್ಕು ವರ್ಷ ನಿಷೇಧವಾಯಿತು. ಜಾಲ ನಡೆಸಿದ್ದ ಜರ್ಮನ್ ವೈದ್ಯ ಮಾರ್ಕ್ ಶ್ಮಿಟ್‌ಗೆ 2021ರಲ್ಲಿ 4 ವರ್ಷ 10 ತಿಂಗಳ ಜೈಲುಶಿಕ್ಷೆಯಾಯಿತು.

ಆ ಜಾಲದವರು ಮಾಡುತ್ತಿದ್ದುದು ಹೀಗೆ: ಸ್ಪರ್ಧಿಯದೇ ರಕ್ತ ತೆಗೆದು ಶೇಖರಿಸಿ, ದೇಹ ಆ ಕೊರತೆಯನ್ನು ತುಂಬಿಕೊಂಡ ಮೇಲೆ ಸ್ಪರ್ಧೆಯ ಮುನ್ನ ಮತ್ತೆ ಏರಿಸುವುದು. ಕೆಂಪು ಕಣ ಹೆಚ್ಚುತ್ತದೆ, ಸ್ನಾಯುವಿಗೆ ಆಮ್ಲಜನಕ ಹೆಚ್ಚುತ್ತದೆ, 50 ಕಿ.ಮೀ.ಯಂಥ ಸ್ಪರ್ಧೆಯಲ್ಲಿ ಅದರ ಲಾಭ ದೊಡ್ಡದು. ರಕ್ತ ತನ್ನದೇ ಆದ್ದರಿಂದ ಹೊರಗಿನ ವಸ್ತು ಎಂದು ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದಕ್ಕಾಗಿಯೇ ವರ್ಷಗಟ್ಟಲೆ ಹಿಮೊಗ್ಲೋಬಿನ್ ಮತ್ತು ಎಳೆಯ ಕೆಂಪುಕಣಗಳ ಪ್ರಮಾಣ ದಾಖಲಿಸುವ ಜೈವಿಕ ಪಾಸ್‌ಪೋರ್ಟ್ ವ್ಯವಸ್ಥೆ ಇರುವುದು. ಹೆಚ್ಚುವರಿ ರಕ್ತ ಏರಿದಾಗ ದೇಹ ಹೊಸ ಕಣ ತಯಾರಿಸುವುದನ್ನು ತಗ್ಗಿಸುತ್ತದೆ, ಎಳೆಯ ಕಣಗಳ ಪ್ರಮಾಣ ಕುಸಿಯುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ, ಹೋಟೆಲ್ ಕೋಣೆ, ಬಾಡಿಗೆ ಮನೆಗಳಲ್ಲಿ ಕೊಳವೆ ಚುಚ್ಚಿದರೆ ಸೋಂಕಿನ ಅಪಾಯ ಬೇರೆ. ಪೊಲ್ತೊರಾನಿನ್ ಪ್ರತಿಭಾವಂತರು ಎಂಬುದೂ ನಿಜ, ಈ ಕೆಲಸ ಮಾಡಿದರು ಎಂಬುದೂ ನಿಜ. ಅಲ್ಮಾಟಿಯ ಸೊಲ್ದಾತ್‌ಸ್ಕೊಯೆ ಕಣಿವೆಯಲ್ಲಿ 2011ರ ಏಷ್ಯನ್ ಚಳಿಗಾಲದ ಕೂಟಕ್ಕೆ ಕಟ್ಟಿದ ಕ್ರೀಡಾಂಗಣದಲ್ಲಿ ಇಂದು ಅಭ್ಯಾಸ ಮಾಡುವ ಹುಡುಗ ಹುಡುಗಿಯರಿಗೆ ಎರಡೂ ತಿಳಿದಿದೆ. ನಮ್ಮ ಓದುಗರಿಗೂ ತಿಳಿಯಲಿ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಸ್ಮಿರ್ನೋವ್ ಕಝಾಕಸ್ತಾನದವರು ಎಂಬ ತಿದ್ದುಪಡಿಯನ್ನು ಅದೇ ಪುಟದಲ್ಲಿ ಹಾಕಿ. ಮುಂದೆ ಸ್ಕೀಯಿಂಗ್ ಫಲಿತಾಂಶ ಕೊಡುವಾಗ ದೂರದ ಜೊತೆಗೆ ಶೈಲಿ ಯಾವುದು, ಹೊರಟದ್ದು ಒಟ್ಟಿಗೋ ಬಿಡಿಬಿಡಿಯಾಗಿಯೋ, ಮೊದಲ ಮೂವರ ನಡುವಿನ ಅಂತರ ಎಷ್ಟು ಎಂದು ಕೊಡಿ. ಒಂದು ಸಾಲು ಹೆಚ್ಚಾಗುತ್ತದೆ, ಅಷ್ಟೇ. ವೃತ್ತಿಜೀವನದ ಪರಿಚಯವಾದರೆ ಒಲಿಂಪಿಕ್ಸ್ ಜೊತೆಗೆ ವಿಶ್ವ ಚಾಂಪಿಯನ್‌ಷಿಪ್ ಮತ್ತು ವಿಶ್ವಕಪ್ ಸಮಗ್ರ ಪಟ್ಟಿಯನ್ನೂ ಸೇರಿಸಿ. ಸುದ್ದಿಸಂಸ್ಥೆಗಳು ಕಳಿಸುವ ಫಲಿತಾಂಶದಲ್ಲಿ ಈ ವಿವರಗಳೆಲ್ಲ ಇದ್ದೇ ಇರುತ್ತವೆ. ಪುಟ ಕಟ್ಟುವಾಗ ಜಾಗ ಸಾಲದೆ ಮೊದಲು ಕತ್ತರಿ ಬೀಳುವುದು ಇವುಗಳಿಗೇ. ಜಾಗ ಬೇಕಿದ್ದರೆ ದೇಶವಾರು ಪದಕಪಟ್ಟಿಯ ಕೊನೆಯ ಹತ್ತು ಸಾಲನ್ನು ಬಿಡಿ.

ಇಂತಿ,
ತಮ್ಮ ಕ್ರೀಡಾಪುಟದ ಓದುಗರು